ತೋಳು ಎದ್ದಾಕಿ

ನನಗೆ ಕ್ಷಯರೋಗ ಬಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಲಕ್ಷ್ಮೇಶ್ವರದಲ್ಲಿ ನನ್ನ ವಾರಿಗೆಯವರು ಇನ್ನೂ ಒಂದಿಬ್ಬರು ಉಳಿದಿದ್ದಾರೆ. ಅವರನ್ನು ಕೇಳಿದರೆ, "ಹೌದವಾ, ಸಣ್ಣಾಕಿದ್ದಾಗ ಅಕಿಗೆ ಕ್ಷಯಾ ಆಗಿತ್ತು, ಪಾಪ" ಎಂದೇ ಹೇಳುತ್ತಾರೆ. ಆಗಿರಲಿಲ್ಲ. ಮೈ ಬಿಸಿಯಾಗಲಿಲ್ಲ, ಕೆಮ್ಮು ಬರಲಿಲ್ಲ, ಉಂಡ ಅನ್ನ ಅರಗದೆ ಇರಲಿಲ್ಲ. ಆದರೂ ಒಂದು ಮುಂಗಾರಿನಿಂದ ಬೇಸಿಗೆಯ ಬಾಗಿಲವರೆಗೆ ನಾನು ರೋಗಿಯಾಗಿ ಬದುಕಿದೆ. ಬೇರೆ ತಾಟು, ಬೇರೆ ಚಾಪೆ, ಬೇರೆ ಕೋಣೆ. ಎಂಬತ್ತು ದಾಟಿದ ಮೇಲೂ ಅದನ್ನು ನೆನೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. "ಹೋಗ್ಲಿ ಬಿಡಬೇ, ಹಳೇದು" ಅನ್ನುತ್ತಾರೆ ಮಕ್ಕಳು. ಯಾಕೆ ಬಿಡಬೇಕು? ನಾನೇನು ಬೇರೆಯವರ ಸಿಟ್ಟನ್ನು ಸಾಲ ತಂದು ಇಟ್ಟುಕೊಂಡಿಲ್ಲವಲ್ಲ.

ನಮ್ಮದು ಅಯ್ನೋರ ಮನೆ, ಅಂದರೆ ಜಂಗಮರದು. ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸ್ವಾತಂತ್ರ್ಯ ಬಂದು ಸಂಸ್ಥಾನ ವಿಲೀನವಾದ ಮೇಲೆ ಅವರನ್ನು ಶಿರಹಟ್ಟಿಯ ಕಚೇರಿಗೆ ಹಾಕಿದರು. ಶನಿವಾರ ಬಂದು ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು. ಹೀಗಾಗಿ ಮನೆಯ ಯಜಮಾನಿಕೆಯೆಲ್ಲ ದೊಡ್ಡಪ್ಪನದು. ಅಪ್ಪನ ಅಣ್ಣ; ಮದುವೆಯಾದವರಲ್ಲ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಅವರ ದನಿ ಕೇಳಲಿಕ್ಕೆ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ದೊಡ್ಡಪ್ಪನ ಇನ್ನೊಂದು ಕೆಲಸ ಕೂಸುಗಳಿಗೆ ಊದುವುದು. ಕೂಸು ಹಾಲು ಕುಡಿಯುತ್ತಿಲ್ಲ, ಒಂದೇ ಸಮನೆ ಅಳುತ್ತದೆ, ದೃಷ್ಟಿ ತಾಗಿದೆ ಅಂತ ತಾಯಂದಿರು ಸಂಜೆ ಹೊತ್ತು ನಮ್ಮ ಪಡಸಾಲೆಗೆ ಎತ್ತಿಕೊಂಡು ಬರುತ್ತಿದ್ದರು. ದೊಡ್ಡಪ್ಪ ಚಿಟಿಕೆ ವಿಭೂತಿ ಹಿಡಿದು, ತುಟಿಯಲ್ಲೇ ಮಂತ್ರ ಹೇಳಿ, ಕೂಸಿನ ಮುಖದ ಹತ್ತಿರ ಬಗ್ಗಿ ಮೂರು ಸಲ ಉಫ್ ಎಂದು ಊದುತ್ತಿದ್ದರು. ಎಷ್ಟೋ ಕೂಸುಗಳು ಅಲ್ಲೇ ಸುಮ್ಮನಾಗುತ್ತಿದ್ದವು. ಅಯ್ನೋರ ಉಸಿರು ತಾಕಿದರೆ ಸಾಕು ಅಂತ ಊರಿನ ನಂಬಿಕೆ. ಅದಕ್ಕಾಗಿ ಅವರು ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ.

ನನಗೆ ಓದು ಹಚ್ಚಿದವರೂ ಅವರೇ. ಪುರಾಣ ಓದುವಾಗ ನನ್ನನ್ನು ಮಗ್ಗುಲಲ್ಲೇ ಕೂಡಿಸಿಕೊಳ್ಳುತ್ತಿದ್ದರು. ಅವರಿಗೆ ಕೆಮ್ಮು ಬಂದರೆ ನಾನು ಮುಂದಿನ ಪದ್ಯ ಓದಬೇಕು. ಕೆಮ್ಮು ವರ್ಷವರ್ಷಕ್ಕೆ ಜಾಸ್ತಿಯಾಗಿ ನನ್ನ ಓದೂ ಜಾಸ್ತಿಯಾಯಿತು. "ಹಳೇ ದಮ್ಮು" ಎನ್ನುತ್ತಿದ್ದರು ಎಲ್ಲರೂ. "ಗೌರಿ ಮುಲ್ಕಿ ಪಾಸಾಗಿ ಅಕ್ಕೋರಾಗಬೇಕು ನೋಡು" ಅಂತ ದೊಡ್ಡಪ್ಪ ಬಂದವರ ಮುಂದೆಲ್ಲ ಹೇಳುವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಆಗ ಶಾಲೆಯಲ್ಲಿ ಕಲಿಸುವ ನೌಕರಿ ಸಿಗುತ್ತಿತ್ತು. ನನಗೆ ಬೇರೆ ಏನೂ ಬೇಕಿರಲಿಲ್ಲ.

ಏಕೀಕರಣವಾದ ವರ್ಷದ ಮುಂಗಾರು. ನಾನು ಏಳನೆಯ ಇಯತ್ತೆಯಲ್ಲಿದ್ದೆ. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಒಂದು ಜೀಪು ಬಂತು. ಪ್ಯಾಂಟು ಹಾಕಿದ ನಾಲ್ಕೈದು ಮಂದಿ ಇಳಿದರು. ನಮ್ಮನ್ನು ಸಾಲು ನಿಲ್ಲಿಸಿ ಎಡಗೈಯ ಒಳಮಗ್ಗುಲಿಗೆ ಸಣ್ಣ ಸೂಜಿ ಚುಚ್ಚಿದರು. ಸಾಸಿವೆ ಕಾಳಿನಷ್ಟು ಬೊಬ್ಬೆ ಎದ್ದು ಇಳಿಯಿತು. "ತುರಸಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ, ಮೂರು ದಿನಕ್ಕ ಬಂದು ನೋಡತೀವಿ" ಎಂದು ಹೋದರು. ಯಾಕೆ ಚುಚ್ಚಿದ್ದು, ಏನನ್ನು ನೋಡುವುದು, ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದಿದ್ದರೆ ಊರು ಸುಮ್ಮನಿರುತ್ತದೆಯೇ? ತನಗೆ ಗೊತ್ತಿದ್ದನ್ನೇ ಅದಕ್ಕೆ ಜೋಡಿಸಿಕೊಳ್ಳುತ್ತದೆ. ನಮ್ಮ ಊರಿಗೆ ಗೊತ್ತಿದ್ದದ್ದು ದೇವಿ ಹಾಕುವುದು, ಸಿಡುಬಿನ ಚುಚ್ಚುಮದ್ದು. ದೇವಿ ಹಾಕಿದ ಮೇಲೆ ತೋಳು ಎದ್ದರೆ ಅದು ಹತ್ತಿತು, ದೇವಿ ಒಲಿದಳು ಎಂದು ಅರ್ಥ. ಏಳದಿದ್ದರೆ ದಂಡ, ಮತ್ತೆ ಹಾಕಿಸಬೇಕು. ಎರಡನೆಯ ದಿನ ನನ್ನ ಕೈ ಕೆಂಪಗೆ ಉಬ್ಬಿ ಗಟ್ಟಿಯಾಗಿದ್ದು ನೋಡಿ ಅವ್ವ ಓಣಿಗೆ ಕೇಳುವ ಹಾಗೆ ಕೂಗಿದಳು: "ನೋಡ ಬರ್ರೇ, ನನ್ನ ಮಗಳ ತೋಳು ಎಷ್ಟು ಛಲೋ ಎದ್ದೈತಿ!"

ಅವ್ವ ದೇವಿಗೆ ಮಾಡುವ ಮರ್ಯಾದೆಯನ್ನೆಲ್ಲ ಮಾಡಿದಳು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದಳು. ಮನೆಯಲ್ಲಿ ವಗ್ಗರಣೆ ಚುಂಯ್ ಅನ್ನಲಿಲ್ಲ. ಮೂರನೆಯ ದಿನ ಬೆಳಗ್ಗೆ ಮೊಸರನ್ನ ಕಲಸಿ ದ್ಯಾಮವ್ವನ ಗುಡಿಗೆ ಎಡೆ ಕೊಟ್ಟು, ಉಳಿದದ್ದನ್ನು ಓಣಿಯ ಮನೆಮನೆಗೂ ಹಂಚಿದಳು. ಮಗಳ ತೋಳು ಏಳದವರು ಸಪ್ಪೆ ಮುಖ ಮಾಡಿಕೊಂಡು ಉಂಡರು. ಎದುರುಮನೆಯವಳು ಮಗಳ ಕೈಗೆ ಬಿಸಿ ಅರಿವೆ ಒತ್ತಿ ಒತ್ತಿ ನೋಡಿದಳು, ಅದು ಏಳಲೇ ಇಲ್ಲ. ನಾನಂತೂ ಎದ್ದ ಕೈಯನ್ನು ಎಲ್ಲರಿಗೂ ತೋರಿಸಿಕೊಂಡು ಶಾಲೆಗೆ ಹೋದೆ.

ಜೀಪಿನವರು ಬಂದರು. ಒಬ್ಬಾತ ಸಣ್ಣ ಪಟ್ಟಿಯಿಂದ ಒಬ್ಬೊಬ್ಬರ ಕೈ ಅಳೆದು ಪಕ್ಕದವನಿಗೆ ಅಂಕಿ ಹೇಳುತ್ತಿದ್ದ. ಕೈ ಚಪ್ಪಟೆಯಾಗಿದ್ದವರಿಗೆ ರಟ್ಟೆಯ ಮೇಲೆ ಇನ್ನೊಂದು ಸೂಜಿ ಹಾಕಿದರು. ಎದ್ದವರಿಗೆ, "ನೀ ಆ ಕಡಿ ನಿಂದರ." ಮೊದಮೊದಲು ನಾನು ನಮ್ಮದೇ ಪಾಸಾದವರ ಸಾಲು ಅಂದುಕೊಂಡೆ. ಎಷ್ಟು ಹೊತ್ತಾದರೂ ಸೂಜಿ ನಮ್ಮ ಕಡೆ ಬರದಿದ್ದಾಗ ಕೇಳಿದೆ, "ನಮಗ ಯಾಕ ಇಲ್ರಿ?"

"ನಿಮಗ ಬ್ಯಾಡ" ಎಂದ ಆತ, ತಲೆ ಎತ್ತದೆ.

ಹೆಡ್‌ಮಾಸ್ತರರು ಕೇಳಿದಾಗ ಮಾತ್ರ ಪಕ್ಕದವನು ಉತ್ತರ ಕೊಟ್ಟ. "ಇವರಿಗೆ ಲಸಿಕಿ ಉಪಯೋಗಿಲ್ರಿ ಸರ್. ಕ್ಷಯದ ಹುಳಾ ಇವರ ಮೈಯಾಗ ಆಗ್ಲೇ ಹೊಕ್ಕಾವು." ಇಷ್ಟು ಹೇಳಿ ಪೆಟ್ಟಿಗೆ ಮುಚ್ಚಿದ. ಜೀಪು ಶಿರಹಟ್ಟಿ ದಾರಿ ಹಿಡಿಯಿತು.

ಆತ ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದ. 'ಹುಳ ಹೊಕ್ಕರೆ ರೋಗ ಅಂತಲ್ಲ, ಇವರೆಲ್ಲ ಗಟ್ಟಿಯಾಗೇ ಇದ್ದಾರೆ' ಎಂಬ ಇನ್ನೊಂದು ಮಾತನ್ನು ಜೀಪಿನಲ್ಲಿ ಕೂಡುವ ಮುಂಚೆ ಹೇಳಿದ್ದರೆ ಅವನ ನಾಲಿಗೆ ಸವೆಯುತ್ತಿತ್ತೇ? ಜನರ ಮೈಗೆ ಸೂಜಿ ಚುಚ್ಚುವ ಹಕ್ಕು ಇದ್ದವರಿಗೆ ಅವರಿಗೆ ತಿಳಿಯುವ ಹಾಗೆ ಹೇಳುವ ಜವಾಬ್ದಾರಿಯೂ ಇರಬೇಕು. ಒಳ್ಳೆಯ ಕೆಲಸಕ್ಕೇ ಬಂದವರು ಅವರು, ಅದು ನನಗೆ ಈಗ ಗೊತ್ತು. ಆದರೂ ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮ ಸಾಲು ಸಣ್ಣದೇನೂ ಇರಲಿಲ್ಲ. ಹೆಚ್ಚುಕಡಿಮೆ ಅರ್ಧ ವರ್ಗ ಅಲ್ಲೇ ನಿಂತಿತ್ತು. ಹೆಡ್‌ಮಾಸ್ತರರ ಮಗಳು ಕಮಲಾಕ್ಷಿ ನನ್ನ ಮಗ್ಗುಲಲ್ಲೇ ಇದ್ದಳು. ಆದರೆ ಆ ಹುಡುಗಿಯರೆಲ್ಲ ಹಾದಿಯಲ್ಲೇ ತೋಳು ಇಳಿಬಿಟ್ಟುಕೊಂಡು, ಸೆರಗು ಮುಚ್ಚಿಕೊಂಡು ಮನೆ ಸೇರಿದರು. ಒಂದು ವಾರದಲ್ಲಿ ಅವರ ಬಾವು ಇಳಿಯಿತು, ಮಾತೂ ಇಳಿಯಿತು. ನನ್ನದು ಹೇಗೆ ಇಳಿಯಬೇಕು? ಅವ್ವ ಊರಿಗೆಲ್ಲ ಮೊಸರನ್ನ ಉಣಿಸಿ ಸಾರಿಬಿಟ್ಟಿದ್ದಳಲ್ಲ. ಸಂಜೆಯೊಳಗೆ ಉಂಡವರೆಲ್ಲ ಬಾಯಿ ಮುಕ್ಕಳಿಸಿದರಂತೆ. ನನಗೆ 'ತೋಳು ಎದ್ದಾಕಿ' ಎಂದು ಹೆಸರು ಬಿತ್ತು.

"ಕಮಲಾಕ್ಷಿನೂ ನನ್ನ ಸಾಲಿನಾಗ ಇದ್ಲು ಬೇ" ಎಂದು ನಾನು ಅತ್ತುಕೊಂಡು ಹೇಳಿದೆ.

ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಳು. "ಆ ಮಾತು ಎಲ್ಲೂ ಆಡಬ್ಯಾಡ. ನಮ್ಮದಂತೂ ಹಿಂಗಾತು. ಇನ್ನೊಬ್ಬರ ಹೆಣ್ಣಮಗಳ ಬಾಳೇವು ಯಾಕ ಹಾಳ ಮಾಡತಿ?"

ನನ್ನ ಅವ್ವ ಅಂಥವಳು. ಆ ಹೆಡ್‌ಮಾಸ್ತರರು ಎಂಥವರು ಅಂದರೆ, ಮರುದಿನವೇ ಮನೆಗೆ ಬಂದು ಅಂಗಳದಲ್ಲೇ ನಿಂತು ದೊಡ್ಡಪ್ಪನಿಗೆ ಕೈಮುಗಿದು, "ಹುಡುಗಿ ಹುಷಾರಾಗೋ ತನಕ ಶಾಲಿಗೆ ಕಳಸಬ್ಯಾಡ್ರಿ ಅಯ್ನೋರ. ಉಳದ ಮಕ್ಕಳ ವಿಚಾರ ಮಾಡಬೇಕಲ್ರಿ ನಾವು" ಎಂದರು. ಅವರ ಮಗಳು ಆಗ ಶಾಲೆಯಲ್ಲಿ ಲೆಕ್ಕ ಮಾಡುತ್ತಾ ಕೂತಿದ್ದಳು.

ಹಿತ್ತಲ ಕಡೆ ಕುಳ್ಳು ಕಟ್ಟಿಗೆ ಒಟ್ಟುವ ಕೋಣೆ ಇತ್ತು. ಅದನ್ನು ಸಾರಿಸಿ ನನಗೆ ಕೊಟ್ಟರು. ಕೊಟ್ಟವರು ದೊಡ್ಡಪ್ಪ. ಅವರು ಕಟುಕರಲ್ಲ, ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. "ತಪ್ಪು ತಿಳಕೋಬ್ಯಾಡ ಮಗಳ. ಮನಿಗೆ ದಿನಾ ಕೂಸುಗಳು ಬರತಾವು. ಅವಕ್ಕ ತಾಕಬಾರದು" ಎಂದರು. ಎಂದು, ಕಂಬಕ್ಕೆ ಕೈ ಹಚ್ಚಿ ನಿಂತು, ಕೆಮ್ಮು ನಿಲ್ಲುವವರೆಗೆ ಕೆಮ್ಮಿದರು. ನಾವು ಯಾರೂ, ನಾನೂ ಸೇರಿ, ಆ ಕೆಮ್ಮನ್ನು ಕೇಳಿಸಿಕೊಳ್ಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎತ್ತೇ ನಿಂತು ಬರೆ ಹಾಕಿಸಿದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು.

ಊರಿನ ಡಾಕ್ಟರು ಬಂದು ಬೆನ್ನು ಬಡಿದು, ಎದೆ ಬಡಿದು ನೋಡಿದರು. "ಸದ್ಯಕ್ಕೇನೂ ಕೇಳಸವಲ್ದು. ಆದ್ರ ಇದು ಹಂಗ ಗೊತ್ತಾಗೂದಲ್ಲ, ಒಳಗ ಕುಂತಿರತೈತಿ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಳಗೆ ಕೂತಿಲ್ಲ ಎಂದು ನಾನು ಹೇಗೆ ತೋರಿಸಲಿ? ಸೀನಿದರೆ ಅದಕ್ಕೊಂದು ಸಾಕ್ಷಿ, ಒಂದು ಹೊತ್ತು ಹಸಿವಿಲ್ಲ ಅಂದರೆ ಇನ್ನೊಂದು. ವಾರಕ್ಕೊಮ್ಮೆ ಸುಣ್ಣದ, ಅಂದರೆ ಕ್ಯಾಲ್ಸಿಯಂ, ಇಂಜಕ್ಷನ್ ಬಂತು, ಕೊಟ್ಟಾಗ ಮೈಯೆಲ್ಲ ಬೆಂಕಿ ಹರಿದ ಹಾಗಾಗುತ್ತಿತ್ತು. ಮೀನಿನ ಎಣ್ಣೆ ಬಂತು. ಅಯ್ನೋರ ಮನೆಯ ಹಿತ್ತಲಲ್ಲಿ ಮೀನಿನ ಎಣ್ಣೆ! ಅವ್ವ ಮುಖ ಆ ಕಡೆ ತಿರುಗಿಸಿಕೊಂಡು ಚಮಚಕ್ಕೆ ಸುರಿದು, ಆಮೇಲೆ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಕೆಟ್ಟದ್ದು, ಓದಬಾರದು ಎಂದರು. ಓದಿದರೆ ಎದೆಗೆ ಕಾವಾಗುತ್ತದಂತೆ. ನನ್ನ ಪುಸ್ತಕಗಳನ್ನು ದೊಡ್ಡಪ್ಪ ಅಟ್ಟದ ಮೇಲೆ ಇಟ್ಟರು.

ಕಡೆಗೆ ನಾನೇ ನಂಬಿಬಿಟ್ಟೆ. ಇದನ್ನು ಬರೆಯಲಿಕ್ಕೆ ಕಷ್ಟವಾಗುತ್ತದೆ. ಹದಿಮೂರರ ಹುಡುಗಿ, ದಿನವೆಲ್ಲ ಕಟ್ಟಿಗೆ ವಾಸನೆಯಲ್ಲಿ ಮಲಗಿ, ಎದೆಯೊಳಗೆ ಹುಳ ಹರಿಯುವುದು ಕೇಳಿಸುತ್ತದೆ ಎಂದುಕೊಳ್ಳುತ್ತಿದ್ದೆ. ಉಗುಳಿ ಉಗುಳಿ ಬೂದಿಯಲ್ಲಿ ಕೆಂಪು ಹುಡುಕುತ್ತಿದ್ದೆ. ಎಲೆಯಡಿಕೆ ಹಾಕಿಕೊಂಡವರು ಹಿತ್ತಲ ಗೋಡೆಗೆ ಉಗುಳಿದರೆ ಅದು ನನ್ನದೇ ರಕ್ತ ಅನ್ನುವಷ್ಟು ಹೆದರಿದ್ದೆ.

ಆಗ ನನ್ನನ್ನು ಉಳಿಸಿದ್ದು ಅವ್ವನ ಒಂದು ಕಳ್ಳತನ. ದೊಡ್ಡಪ್ಪ ಗುಡಿಗೆ ಹೋದ ಮೇಲೆ ಅವಳು ನನ್ನ ಕೋಣೆಗೆ ಬಂದು, ನನ್ನ ಬೇರೆ ತಾಟಿನಲ್ಲೇ ತನ್ನ ರೊಟ್ಟಿ ಇಟ್ಟುಕೊಂಡು, ನನ್ನ ಜೊತೆ ಉಣ್ಣುತ್ತಿದ್ದಳು. "ನಿನಗೂ ಹತ್ತತೈತಿ ಬೇ" ಎಂದರೆ, "ಹತ್ತಲಿ. ನಿನ್ನ ಹಡದಾಕಿ ನಾನು" ಎನ್ನುವಳು. ನನಗೆ ರೋಗ ಇದೆ ಎಂದೇ ಅವಳದೂ ನಂಬಿಕೆ, ಆದರೂ ಉಂಡಳು. ಈಗಲೂ ಒಬ್ಬಳೇ ಉಣ್ಣಲಿಕ್ಕೆ ಕೂತಾಗ ನನಗೆ ಅವಳ ನೆನಪಾಗುತ್ತದೆ.

ಮುಂಡರಗಿಯ ಅತ್ತೆಯ ಮಾತನ್ನೂ ಬರೆಯಬೇಕು. ಅಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ನಿಜಾಮನ ಸೀಮೆಯ ಹಳ್ಳಿಗೆ. ರಜಾಕಾರರ ಗದ್ದಲದಲ್ಲಿ ಮನೆ ಬಿಟ್ಟು ಓಡಿಬಂದು, ಇಡೀ ಸಂಸಾರ ನಮ್ಮ ಮನೆಯಲ್ಲಿತ್ತು. ನಮ್ಮ ತಾಟಿನಲ್ಲಿ ಉಂಡರು, ನಮ್ಮ ಕೌದಿ ಹೊದ್ದರು. ಆಮೇಲೆ ಮುಂಡರಗಿಯಲ್ಲಿ ನೆಲೆಯಾದರು. ನನ್ನನ್ನು ಅವಳ ಮಗನಿಗೆ ತಂದುಕೊಳ್ಳುವುದು ಎಂದು ಮಾತಾಗಿತ್ತು. ಸುದ್ದಿ ಕೇಳಿ ಒಂದು ದಿನ ಬಂದಳು. ಗಾಡಿಯಿಂದ ಇಳಿಯಲಿಲ್ಲ. ಅವ್ವ ತಂಬಿಗೆಯಲ್ಲಿ ನೀರು ತಂದರೆ, "ಈಗರ ಕುಡದ ಬಂದೀನಿ ವೈನಿ" ಎಂದಳು. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಬಿಸಿಲಲ್ಲಿ ಬಂದವಳಿಗೆ ನೀರಡಿಕೆ ಇರಲಿಲ್ಲವಂತೆ. ಮದುವೆ ಮುರಿದದ್ದಕ್ಕೆ ನನಗೆ ದುಃಖವಿಲ್ಲ, ಆ ಹುಡುಗ ಶುದ್ಧ ಮೊದ್ದು. ಅವ್ವ ತಂಬಿಗೆ ಹಿಡಿದು ಬಿಸಿಲಲ್ಲಿ ನಿಂತದ್ದನ್ನು ಮಾತ್ರ ಮರೆಯಲಾರೆ.

ದೀಪಾವಳಿಯ ಸುಮಾರಿಗೆ ರಾಜ್ಯ ಒಂದಾಯಿತು. ಶಾಲೆಯವರು ನಸುಕಿಗೇ ಪ್ರಭಾತಫೇರಿ ತೆಗೆದರು. ನಮ್ಮ ಓಣಿಯಲ್ಲಿ ಹಾಯುವಾಗ ಹೆಡ್‌ಮಾಸ್ತರರ ದೊಡ್ಡ ಗಂಟಲು ನನ್ನ ಕೋಣೆಯವರೆಗೂ ಕೇಳಿಸಿತು. ಇಷ್ಟು ದಿನ ನಮ್ಮನ್ನು ಮುಂಬೈ, ನಿಜಾಮ, ಸಂಸ್ಥಾನ ಅಂತ ಹರಿದು ಹಂಚಿದ್ದರು, ಇನ್ನು ಮೇಲೆ ಕನ್ನಡಿಗರನ್ನು ಯಾರೂ ಬೇರೆ ಮಾಡಲಾರರು ಎಂದು ಸಾರುತ್ತಿದ್ದರು. ಹುಡುಗಿಯರು ಜೈಕಾರ ಹಾಕಿದರು. ಅದರಲ್ಲಿ ಕಮಲಾಕ್ಷಿಯ ದನಿ ನನಗೆ ಗುರುತು ಸಿಕ್ಕಿತು. ನಾನು ಮೀನಿನ ಎಣ್ಣೆಯ ಬಾಟಲಿಯನ್ನು ಎತ್ತಿ ಗೋಡೆಗೆ ಬೀಸಿದೆ. ಕೋಣೆ ಮೂರು ದಿನ ನಾರಿತು.

ಆ ಶನಿವಾರ ಬಂದ ಅಪ್ಪ ಗೋಡೆಯ ಕಲೆ ನೋಡಿದರು, ನನ್ನನ್ನು ನೋಡಿದರು. ಅಪ್ಪ ಮಾತು ಕಡಿಮೆಯ ಮನುಷ್ಯ. ಅಣ್ಣನೆದುರು ಕೂತು ಮಾತಾಡಿದವರಲ್ಲ. "ಬೆಟಗೇರ್ಯಾಗ ಎಕ್ಸ್‌ರೇ ತಗೀತಾರಂತ. ಒಮ್ಮೆ ತೋರಿಸಿ ಬರತೀನಿ" ಎಂದರು. ರಜೆ ಸಿಗಲಿಕ್ಕೆ ಸಂಕ್ರಾಂತಿ ಬರಬೇಕಾಯಿತು.

ಬಸ್ಸಿನಲ್ಲಿ ಗದಗಕ್ಕೆ ಹೋಗಿ, ಅಲ್ಲಿಂದ ಟಾಂಗಾದಲ್ಲಿ ಬೆಟಗೇರಿಗೆ. ದವಾಖಾನೆಯ ಪಡಸಾಲೆಯಲ್ಲಿ ಉದ್ದ ಬಾಂಕುಗಳು, ತುಂಬ ಕೆಮ್ಮುವ ಜನ. ಹೊರಗೆ ಓಣಿಯ ಮಗ್ಗಗಳ ಸದ್ದು. ನಾನು ರೂಢಿಯ ಪ್ರಕಾರ ಗೋಡೆಗೆ ಮೈ ಹಚ್ಚಿ ದೂರ ಕೂತೆ. ನೇಕಾರರ ಹೆಂಗಸೊಬ್ಬಳು ಬುತ್ತಿ ಬಿಚ್ಚಿ, ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನ್ನ ಮುಂದೆ ಹಿಡಿದಳು.

"ಬ್ಯಾಡ್ರಿ. ನನಗ ಕ್ಷಯಾ ಐತ್ರಿ" ಎಂದೆ.

"ಇಲ್ಲಿ ಕುಂತಾವರಿಗೆಲ್ಲಾ ಅದ ಐತಿ. ನಿನಗೊಬ್ಬಾಕಿಗೆ ಏನ್ ದೊಡ್ಡ ಸೊಕ್ಕು? ತಿನ್ನು" ಎಂದಳು ಆಕೆ.

ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ. ಆ ರೊಟ್ಟಿಯನ್ನು ತಿಂದೆ. ಅವ್ವನ ಕೈಯಿಂದ ಬಿಟ್ಟರೆ ಇನ್ನೊಬ್ಬರ ಕೈಯಿಂದ ಉಂಡು ಎಷ್ಟು ದಿನವಾಗಿತ್ತೋ. ಅವಳ ಹೆಸರು ತುಳಸವ್ವ ಎಂದಷ್ಟೇ ಗೊತ್ತು.

ಡಾಕ್ಟರಬಾಯಿ ನಮ್ಮ ಕಡೆಯವರಲ್ಲ. ಕನ್ನಡ ಕಲಿತು ಮಾತಾಡುತ್ತಿದ್ದರು, ಹಾಗಾಗಿ ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನೇ ಹತ್ತಿರ ಕರೆದರು. "ನೋಡು, ಇದು ನಿನ್ನ ಎದೆ. ಚೊಕ್ಕಟ ಇದೆ. ನಿನಗೆ ರೋಗ ಇಲ್ಲ."

"ಮತ್ತ ನನ್ನ ತೋಳು ಎದ್ದಿತ್ತಲ್ರಿ?"

"ಹುಳ ಯಾವಾಗಲೋ ನಿನ್ನ ಮೈಗೆ ಬಂದಿತ್ತು. ನಿನ್ನ ಮೈ ಅದರ ಗುರುತು ಹಿಡಿದಿದೆ. ತೋಳು ಏಳುವುದು ಅಷ್ಟನ್ನೇ ಹೇಳುತ್ತದೆ. ಬಂದ ಹುಳ ಎಷ್ಟೋ ಜನರಲ್ಲಿ ಸುಮ್ಮನೆ ಮಲಗಿರುತ್ತದೆ. ನಿನ್ನಿಂದ ಯಾರಿಗೂ ಹತ್ತುವುದಿಲ್ಲ. ಮುಂದೆ ಎಂದಾದರೂ ಕೆಮ್ಮು ಬಂದು ನಿಲ್ಲದಿದ್ದರೆ, ಜ್ವರ ಬಂದರೆ ಬಾ. ಈಗ ಶಾಲೆಗೆ ಹೋಗು."

ಇಷ್ಟೇ. ಒಂದು ಲೋಟ ಚಹಾ ಆರುವಷ್ಟು ಹೊತ್ತಿನ ಮಾತು. ಈ ಮಾತಿಗಾಗಿ ನಾನು ಅಷ್ಟು ತಿಂಗಳು ಕಟ್ಟಿಗೆ ಕೋಣೆಯಲ್ಲಿ ಇದ್ದೆ. ಸಂತೋಷ ಆಮೇಲೆ ಬಂತು, ಮೊದಲು ಬಂದದ್ದು ಕೋಪ.

ಡಾಕ್ಟರಬಾಯಿ ಅಪ್ಪನ ಕಡೆ ತಿರುಗಿದರು. "ಇವಳಿಗೆ ಯಾರಿಂದ ಬಂತು? ಮನೆಯಲ್ಲಿ ಯಾರು ಕೆಮ್ಮುತ್ತಾರೆ?"

"ಯಾರೂ ಇಲ್ರಿ" ಎಂದರು ಅಪ್ಪ.

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅವರ ಮುಖ ಸುಣ್ಣದ ಹಾಗಾಗಿತ್ತು. ಡಾಕ್ಟರಬಾಯಿ ನನ್ನನ್ನು ನೋಡಿದರು. "ದೊಡ್ಡಪ್ಪ ಕೆಮ್ಮತಾರ್ರಿ. ಭಾಳ ವರ್ಷಾತು" ಎಂದೆ. "ಅವರನ್ನು ಕರೆದುಕೊಂಡು ಬನ್ನಿ, ತಡ ಮಾಡಬೇಡಿ" ಎಂದರು ಆಕೆ.

ಬಸ್ಸಿನಲ್ಲಿ ಅಪ್ಪ ಒಂದೇ ಮಾತಾಡಿದರು: "ಅಣ್ಣಗ ಇದನ್ನ ಹೆಂಗ ಹೇಳೂದು?" ಹೇಳಲಿಲ್ಲ. ಮನೆಗೆ ಬಂದು, ಎದೆ ಚೊಕ್ಕಟ ಇದೆಯಂತೆ ಎಂದಷ್ಟೇ ಅಂದರು. ದೊಡ್ಡಪ್ಪ ಹಿಗ್ಗಿದರು, ಆದರೆ ಒಪ್ಪಲಿಲ್ಲ. "ಏನೂ ಇಲ್ಲಂದ್ರ ತೋಳು ಯಾಕ ಏಳಬೇಕಿತ್ತು? ಇನ್ನೊಂದೀಟು ದಿನ ಇರ್ಲಿ." ಹೆಡ್‌ಮಾಸ್ತರರೂ ಅದನ್ನೇ ಕೇಳಿದರು. ನನಗೆ ರೋಗ ಇಲ್ಲ ಎಂದು ನಂಬಿಸಬೇಕಾದರೆ ತೋಳು ಎದ್ದದ್ದು ಯಾಕೆ ಎಂದು ಹೇಳಬೇಕು. ಅದನ್ನು ಹೇಳಬೇಕಾದರೆ ದೊಡ್ಡಪ್ಪನ ಹೆಸರು ಹೇಳಬೇಕು. ಅವರ ಹೆಸರು ಹೇಳುವ ಗಂಡಸು ನಮ್ಮ ಮನೆಯಲ್ಲಿರಲಿಲ್ಲ. ಮುಲ್ಕಿ ಪರೀಕ್ಷೆ ಹತ್ತಿರ ಬರುತ್ತಿತ್ತು. ನಾನು ಕೋಣೆಗೆ ವಾಪಸು ಹೋದೆ.

ಮುಂದಿನ ಶನಿವಾರ, ದೀಪ ಹಚ್ಚುವ ಹೊತ್ತು. ಗಾಣದ ಮನೆಯ ಫಕ್ಕೀರವ್ವ ತನ್ನ ಚೊಚ್ಚಲು ಕೂಸನ್ನು ಊದಿಸಲಿಕ್ಕೆ ತಂದಿದ್ದಳು. ಅದರ ಅಳು ಹಿತ್ತಲಿಗೆ ಕೇಳಿಸಿ ನಾನು ನಡುಮನೆಯ ಬಾಗಿಲಿಗೆ ಬಂದು ನಿಂತೆ. ದೊಡ್ಡಪ್ಪ ವಿಭೂತಿ ಹಿಡಿದು ಮಂತ್ರ ಶುರು ಮಾಡಿದರು, ನಡುವೆ ಕೆಮ್ಮಿದರು, ಮತ್ತೆ ಶುರು ಮಾಡಿದರು. ಕೂಸಿನ ಮುಖದ ಮೇಲೆ ಬಗ್ಗಿ ಉಸಿರು ಎಳೆದುಕೊಂಡರು. ನಾನು ಓಡಿಹೋಗಿ ಅವರ ಬಾಯಿಗೂ ಕೂಸಿನ ಮುಖಕ್ಕೂ ನಡುವೆ ಅಂಗೈ ಹಿಡಿದೆ.

"ಊದಬ್ಯಾಡ್ರಿ ದೊಡ್ಡಪ್ಪಾ!"

ಫಕ್ಕೀರವ್ವ ಚೀರಿದಳು. "ಅಯ್ಯ ನಮ್ಮವ್ವಾ, ಕ್ಷಯದಾಕಿ ನನ್ನ ಕೂಸು ಮುಟ್ಟಿದ್ಲು! ತೋಳು ಎದ್ದಾಕಿ ಮುಟ್ಟಿದ್ಲು!" ಕೂಸನ್ನು ಎದೆಗೆ ಅವಚಿಕೊಂಡು ನನ್ನಿಂದ ದೂರ ಸರಿಯಲಿಕ್ಕೆ ಅವಳು ದೊಡ್ಡಪ್ಪನ ಮಗ್ಗುಲಿಗೇ ಸರಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವ್ವ ಒಳಗಿಂದ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಅವಳು ಬಂದು ನನ್ನ ಪಕ್ಕ ನಿಂತಳು.

"ನನಗೇನೂ ಆಗಿಲ್ಲ" ಎಂದೆ. ದನಿ ಗಟ್ಟಿಯಾಗೇ ಬಂತು. "ಬೆಟಗೇರ್ಯಾಗ ನೋಡ್ಯಾರ. ನನ್ನ ಮೈಗೆ ಹುಳಾ ಬಂದಿದ್ದು ಕೆಮ್ಮೋರ ಕಡಿಂದ. ಈ ಮನ್ಯಾಗ ಕೆಮ್ಮೋರು ಯಾರು? ನೀವ ಹೇಳ್ರಿ."

ದೊಡ್ಡಪ್ಪ ಆಗಷ್ಟೇ ಶಿರಹಟ್ಟಿಯಿಂದ ಬಂದು ನಿಂತಿದ್ದ ಅಪ್ಪನನ್ನು ನೋಡಿದರು. "ಡಾಕ್ಟರಬಾಯಿ ಹಿಂಗ ಅಂದ್ಲೇನು?"

"ಹೌದಣ್ಣಾ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನಿಮಗ ಹೆಂಗ ಹೇಳ್ಲಿ?"

"ಹುಡುಗಿಗೆ ಹೇಳಾಕ ಬಂತಲ್ಲೋ" ಎಂದರು ದೊಡ್ಡಪ್ಪ. ಕೈಯಲ್ಲಿದ್ದ ವಿಭೂತಿಯನ್ನು ತಟ್ಟೆಗೆ ಹಾಕಿದರು. ಉಟ್ಟ ಧೋತರದ ತುದಿಯಿಂದ ಬಾಯಿ ಮುಚ್ಚಿಕೊಂಡು ಫಕ್ಕೀರವ್ವನಿಗೆ, "ಕೂಸಿನ್ನ ಮನಿಗೆ ಒಯ್ಯವಾ. ಇನ್ನ ಯಾರೂ ನನ್ನ ಕಡೆ ತರಬ್ಯಾಡ್ರಿ" ಎಂದರು.

ಬೆಟಗೇರಿಯಲ್ಲಿ ಅವರ ಕಫದಲ್ಲಿ ಹುಳಗಳು ಸಿಕ್ಕವು. ಒಮ್ಮೆ ಮನೆಗೆ ಬಂದು ಹೋಗಿ, ಆಮೇಲೆ ಅಲ್ಲೇ ಇದ್ದು ದಿನಾ ಇಂಜಕ್ಷನ್ ಚುಚ್ಚಿಸಿಕೊಂಡು, ಮುಷ್ಟಿ ಗುಳಿಗೆ ನುಂಗಿ, ಮುಂದಿನ ಶ್ರಾವಣಕ್ಕೆ ಮನೆಗೆ ಬಂದರು. ಬಹಳ ವರ್ಷ ಬದುಕಿದರು. ಊರು ಅವರ ತಾಟು ಬೇರೆ ಮಾಡಲಿಲ್ಲ, ಅವರಿಗೆ ಅಡ್ಡಹೆಸರು ಇಡಲಿಲ್ಲ. 'ಊರ ಕೂಸುಗಳ ಪೀಡಾ ಎಲ್ಲಾ ತಮ್ಮ ಮೈಮ್ಯಾಲ ತಗೊಂಡ್ರು ಅಯ್ನೋರು' ಎಂದು ಕಥೆ ಕಟ್ಟಿತು. ಅವರು ಊದಿದ ಕೂಸುಗಳಲ್ಲಿ ಯಾರಿಗೆ ಏನಾಯಿತು ಎಂದು ವಿಚಾರಿಸಿದವರಿಲ್ಲ.

ಮುಂದೆ ನಾನು ಡಂಬಳದಲ್ಲಿ, ಮುಂಡರಗಿಯಲ್ಲಿ ಮಕ್ಕಳಿಗೆ ಕಲಿಸಿದೆ. ನನ್ನ ಶಾಲೆಗೆ ಸೂಜಿಯವರು ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, ತಾಯಂದಿರನ್ನು ಕರೆಸಿ, ಮೊದಲು ಇವರಿಗೆ ತಿಳಿಯುವ ಹಾಗೆ ಹೇಳ್ರಿ, ಆಮೇಲೆ ಚುಚ್ಚಿರಿ ಎನ್ನುತ್ತಿದ್ದೆ. ಜಗಳಗಂಟಿ ಅಕ್ಕೋರು ಎಂದು ಹೆಸರು ಬಂತು, ಬರಲಿ. ಈಗಲೂ ಯಾವುದೋ ನೌಕರಿಗೆ, ಯಾವುದೋ ದೇಶಕ್ಕೆ ಹೋಗಲಿಕ್ಕೆ ಈ ಪರೀಕ್ಷೆ ಮಾಡಿಸಿ, ಕೈ ಎದ್ದಿತು ಎಂದು ಅಳುವ ಹುಡುಗರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು. ಹೆದರಬೇಡಿ, ಮುಚ್ಚಿಡಲೂ ಬೇಡಿ. ಎದೆಯ ಫೋಟೋ ತೆಗೆಸಿ, ಡಾಕ್ಟರು ಗುಳಿಗೆ ಕೊಟ್ಟರೆ ಪೂರಾ ನುಂಗಿ. ನಿಮ್ಮ ತಾಟನ್ನು ಯಾರಾದರೂ ಬೇರೆ ಇಟ್ಟರೆ ಅದೇ ತಾಟಿನಿಂದ ಸದ್ದು ಮಾಡಿ.

ಇನ್ನು ನನ್ನ ಶಾಲೆಯ ಮಾತು. ದವಾಖಾನೆಗೆ ಹೋಗಿ ಸೇರುವ ಹಿಂದಿನ ದಿನ ದೊಡ್ಡಪ್ಪ ನನ್ನ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದರು. ಶಲ್ಯವನ್ನು ಬಾಯಿಗೆ ಸುತ್ತಿಕೊಂಡು, ನನ್ನನ್ನು ಹತ್ತು ಮಾರು ಮುಂದೆ ನಡೆಯಲು ಬಿಟ್ಟು, ಹಿಂದಿನಿಂದ ಶಾಲೆಯವರೆಗೆ ಬಂದರು. ಹೆಡ್‌ಮಾಸ್ತರರು ಓಡಿಬಂದು ಅಂಗಳದಲ್ಲೇ ಅವರ ಕಾಲು ಹಿಡಿದರು.

"ನೀವ ಯಾಕ ಬರಾಕ ಹೋದ್ರಿ ಅಯ್ನೋರ, ಹೇಳಿ ಕಳಿಸಿದ್ರ ನಾನ ಬರತಿದ್ನೆಲ್ರಿ."

"ದೂರ ಸರೀರಿ ಮಾಸ್ತರ. ನನಗ ಕ್ಷಯ ಐತಿ, ಕಫದಾಗ ಸಿಕ್ಕೈತಿ. ಹುಡುಗಿಗೆ ಏನೂ ಇಲ್ಲ. ಅಕಿ ತೋಳು ಎದ್ದಿದ್ದು ನನ್ನಿಂದ. ಅಕೀನ್ನ ಒಳಗ ಕರಕೊಳ್ರಿ."

"ಎಂಥಾ ಮಾತಾಡತೀರಿ! ನಿಮ್ಮಂಥಾ ಶಿವಜೀವಿಗೆ ಎಲ್ಲೀ ರೋಗ್ರಿ? ಶಿವ ಪರೀಕ್ಷಾ ಮಾಡಾಕ ಹತ್ಯಾನ ಅಷ್ಟ" ಎಂದ ಹೆಡ್‌ಮಾಸ್ತರರು ಒಳಗೆ ತಿರುಗಿ ಮಗಳನ್ನು ಕರೆದರು. "ನಮ್ಮ ಕಮಲಾಕ್ಷಿ ಈ ಸಲ ಮುಲ್ಕಿಗೆ ಕುಂಡ್ರತಾಳ್ರಿ. ಹೋಗೂಕಿಂತ ಮದಲ ಒಂದ ಸಲ ಊದಿ ಹೋಗ್ರಿ."

ದೊಡ್ಡಪ್ಪ ಸಿಟ್ಟಾದದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. "ನಿಮಗ ಕಿವಿ ಕೇಳಸೂದಿಲ್ಲೇನ್ರಿ?" ಎಂದು ಕೂಗಿದರು. ಕೂಗಿದ್ದಕ್ಕೆ ಕೆಮ್ಮು ಬಂತು. ಶಲ್ಯ ಒತ್ತಿಹಿಡಿದು, ತಿರುಗಿ, ಒಬ್ಬರೇ ನಡೆದು ಹೋದರು.

ಅಯ್ನೋರ ಮಾತು ಮೀರುವಂತಿಲ್ಲ. ಹೆಡ್‌ಮಾಸ್ತರರು ನನ್ನನ್ನು ಒಳಗೆ ಕರೆದರು. ಆಮೇಲೆ, ಕ್ಷಯವಿದ್ದವರ ಕಾಲು ಹಿಡಿದು ಬಂದ ಅದೇ ಕೈಗಳಿಂದ ಹಿಂದಿನ ಬಾಂಕನ್ನು ದರದರ ಎಳೆದು ಗೋಡೆಗೆ ಹಚ್ಚಿದರು. "ನೀ ಇಲ್ಲಿ ಕುಂಡ್ರು. ಉಳದ ಹುಡುಗ್ಯಾರಿಗೆ ತಾಕಬಾರದು" ಎಂದರು.

ನಾನು ಕೂತೆ. ಪುಸ್ತಕ ತೆಗೆದೆ. ಮುಲ್ಕಿ ಪಾಸಾಗುವವರೆಗೆ ಅಲ್ಲಿಂದ ಏಳಲಿಲ್ಲ.